ಹದಿನಾಲ್ಕು ಬಾಯಿಗೊಂದು ಟಬ್ಬು

ಆಸ್ಪತ್ರೆಗೆ ಕಳಿಸುವ ರೆಫರಲ್ ಹಾಳೆಯಲ್ಲಿ ಸಿಸ್ಟರ್ ಒಂದೇ ಒಂದು ಸುಳ್ಳನ್ನೂ ಬರೆಯಲಿಲ್ಲ. ಆಮೇಲೆ ನೆನೆದಾಗಲೆಲ್ಲ ಅವಳಿಗೆ ಹೇಸಿಗೆ ಹುಟ್ಟಿಸಿದ್ದೂ ಅದೇ.

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆ. ವೃದ್ಧರ ಆರೈಕೆ ಮನೆಯ ಎರಡನೇ ಮಹಡಿಯಲ್ಲಿ ತಿಂಡಿಯ ತಟ್ಟೆಗಳನ್ನು ಆಗಷ್ಟೇ ಎತ್ತಿದ್ದರು. ಚೆಲ್ಲಿದ ಹಾಲಿನ ಹುಳಿವಾಸನೆಯ ಮೇಲೆ ಫಿನಾಯಿಲಿನ ವಾಸನೆ ಹೊದಿಸಿದಂತಿತ್ತು. ಮ್ಯಾನೇಜರ್ ಅವಳ ಮೇಜಿನ ಪಕ್ಕ ನಿಂತು ಅಂಗೈಗೆ ಸ್ಯಾನಿಟೈಸರ್ ಹಾಕಿಕೊಂಡು ಉಜ್ಜುತ್ತಿದ್ದ. ಈ ಮಹಡಿಗೆ ಬಂದರೆ ಅವನು ಯಾರನ್ನೂ ಮುಟ್ಟುತ್ತಿರಲಿಲ್ಲ. ಕೈಯನ್ನು ಮಾತ್ರ ಮೂರು ಸಲ ಉಜ್ಜಿಕೊಳ್ಳುತ್ತಿದ್ದ.

"ಕಾರಣ ಅನ್ನೋ ಕಡೆ ಏನ್ ಬರೀತೀರಿ ಸಿಸ್ಟರ್?"

"ಆಗಿದ್ದನ್ನ ಬರೀತೀನಿ ಸಾರ್."

"ಬರೀರಿ ಬರೀರಿ. ಆಗಿದ್ದೇ ಬೇಕಾದಷ್ಟಿದೆ."

ಅವಳು ಬರೆದಳು. ಹತ್ತು ದಿನಗಳಿಂದ ಉಗುಳುತ್ತಾರೆ. ಊಟದ ತಟ್ಟೆ ಎಸೆಯುತ್ತಾರೆ. ಸದಾ ಬೆರಳು ಬಾಯಿಗೆ ಹಾಕಿ ಎಳೆದುಕೊಳ್ಳುತ್ತಾರೆ. ಕೈಗೆ ಬಟ್ಟೆಯ ಚೀಲ ಕಟ್ಟಬೇಕಾಗಿದೆ. ನಿನ್ನೆ ಬೆಳಿಗ್ಗೆ ಆಯಾಳ ಮುಂಗೈ ಕಚ್ಚಿದ್ದಾರೆ, ರಕ್ತ ಬಂದಿದೆ. ಒಂದೊಂದು ವಾಕ್ಯವನ್ನೂ ತೂಗಿ ನೋಡಿಯೇ ಇಟ್ಟಳು. ಒಂದಕ್ಕೆರಡು ಮಾಡಿ ಹೇಳುವವಳಲ್ಲ ಅವಳು. ಅನುಮಾನ ಬಂದರೆ ಜ್ವರವನ್ನೂ ಎರಡೆರಡು ಸಲ ಅಳೆಯುವವಳು.

ಮ್ಯಾನೇಜರ್ ಹಾಳೆಯನ್ನು ಮುಟ್ಟದೆ ದೂರದಿಂದಲೇ ಬೆರಳು ತೋರಿಸಿದ. "ಕೊನೇಲಿ ಒಂದು ಪದ ಸೇರಿಸಿ. ‘ಆಕ್ರಮಣಕಾರಿ’."

ಆ ಪದದ ಮಹಿಮೆ ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ‘ಜ್ವರ’ ಎಂದು ಬರೆದರೆ ಆಸ್ಪತ್ರೆಯವರು ಎರಡು ಮಾತ್ರೆ ಕೊಟ್ಟು ಸಂಜೆಗೆ ವಾಪಸು ಕಳಿಸುತ್ತಾರೆ. ‘ಆಕ್ರಮಣಕಾರಿ’ ಎಂದು ಬರೆದರೆ ಮನೋವೈದ್ಯರು ನೋಡುವ ತನಕ ಬಿಡುವಂತಿಲ್ಲ, ಆ ಆಸ್ಪತ್ರೆಗೆ ಮನೋವೈದ್ಯರು ಬರುವುದು ಶುಕ್ರವಾರ ಮಧ್ಯಾಹ್ನ ಮೂರಕ್ಕೆ. ಆರೈಕೆ ಮನೆಯ ನಿಯಮವೋ, ಆಸ್ಪತ್ರೆಗೆ ಹೋದವರ ಮಂಚವನ್ನು ಮೂರೇ ದಿನ ಕಾದಿಡುವುದು. ಮಂಗಳವಾರ ಕಳಿಸಿದರೆ ಶುಕ್ರವಾರ ಹನ್ನೆರಡಕ್ಕೆ ಮಂಚ ಹೋಯಿತು, ಮೂರಕ್ಕೆ ಡಾಕ್ಟರು ಬಂದರು. ಮಂಚವಿಲ್ಲದವರನ್ನು ಡಾಕ್ಟರು ತಾನೇ ಎಲ್ಲಿಗೆ ಕಳಿಸಬೇಕು? ಒಂದು ಹಗಲಿನ ದಾರಿಯಾಚೆ, ಬೇರೆ ಊರಿನಲ್ಲಿ, ಹೊರಗಿನಿಂದ ಬೀಗ ಹಾಕುವ ವಾರ್ಡಿಗೆ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ಒಂದು ವರ್ಷದಲ್ಲಿ ಐವರು ಹೀಗೆ ಹೋಗಿದ್ದರು, ಐವರೂ ಮಂಗಳವಾರವೇ. ಆಯಾಗಳು ತಮ್ಮತಮ್ಮಲ್ಲಿ ಅವರನ್ನು ‘ಮಂಗಳವಾರದವರು’ ಎನ್ನುತ್ತಿದ್ದರು. ಐದು ಹಾಳೆಗಳಲ್ಲಿ ಮೂರು ಸಿಸ್ಟರಿನ ಕೈಬರಹದವೇ.

ಗೊತ್ತಿತ್ತು. ಗೊತ್ತಿದ್ದೂ ಬರೆದಳು. ಪದವೇನೂ ಸುಳ್ಳಲ್ಲವಲ್ಲ, ಆಯಾಳ ಕೈಮೇಲೆ ಕಚ್ಚಿದ ಗಾಯ ಇತ್ತಲ್ಲ.

ಹೋಗಬೇಕಾಗಿದ್ದವಳು ಟೈಲರಮ್ಮ. ಎಪ್ಪತ್ತೊಂಬತ್ತು ವರ್ಷ, ಅದರಲ್ಲಿ ಐವತ್ತು ಹೊಲಿಗೆ ಯಂತ್ರದ ಮುಂದೆಯೇ ಕಳೆದಿದ್ದವು. ಈಗ ನೆನಪು ಗೋಜಲಾಗಿ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಯಾರ ಹೆಸರೂ ತಲೆಯಲ್ಲಿ ಉಳಿದಿರಲಿಲ್ಲ. ಆದರೂ ಎದುರಿಗೆ ಬಂದವರ ಅಂಗಿಯ ಅಂಚು ಹಿಡಿದು ಮಗುಚಿ ನೋಡುವುದನ್ನು ಬಿಟ್ಟಿರಲಿಲ್ಲ. "ಯಾವನು ಹೊಲಿದಿದ್ದು ಇದನ್ನ? ಕಾಲಲ್ಲಿ ಹೊಲಿದ್ನಾ?" ಎಂದು ಮ್ಯಾನೇಜರನ ಕೋಟು ಹಿಡಿದೂ ಕೇಳಿದ್ದಳು.

ಅವಳಿಗೆ ಇದ್ದವನು ಅಳಿಯ ಒಬ್ಬನೇ. ಮಗಳು ತೀರಿಕೊಂಡು ಆರು ವರ್ಷವಾದರೂ ಭಾನುವಾರ ತಪ್ಪದೆ ಬರುತ್ತಿದ್ದ. ಬ್ರೆಡ್ಡಿನ ವ್ಯಾನ್ ಓಡಿಸುವವನು, ನಸುಕಿನಿಂದ ಸಂಜೆಯ ತನಕ ರಸ್ತೆಯ ಮೇಲೇ ಅವನ ಬದುಕು. "ಇವನು ಅಳಿಯ ಅಲ್ಲ, ಮಗಳ ಗಂಡ" ಎಂದು ಟೈಲರಮ್ಮ ವಾರ್ಡಿಗೆಲ್ಲ ಪರಿಚಯ ಮಾಡಿಸಿ ತಾನೇ ನಗುತ್ತಿದ್ದಳು. ಕಳೆದ ಭಾನುವಾರ ಮಾತ್ರ ಅವನ ಮುಖಕ್ಕೇ ಬ್ರೆಡ್ಡು ಉಗಿದಿದ್ದಳು. ಅವನು ಒರೆಸಿಕೊಂಡು, "ಅತ್ತೆಗೆ ನನ್ನ ಮೇಲೇನೋ ಕೋಪ" ಎಂದು ಪೆಚ್ಚುಪೆಚ್ಚಾಗಿ ನಕ್ಕಿದ್ದ.

ಆಂಬುಲೆನ್ಸ್ ಬಂತು. ಡ್ರೈವರು ಹಾಳೆಯ ಮೇಲೆ ಕಣ್ಣು ಹಾಯಿಸಿ, "ಹೋಗೋಕೆ ಮಾತ್ರ ತಾನೇ ಸಿಸ್ಟರ್? ನಿಮ್ಮಲ್ಲಿಂದ ಕರ್ಕೊಂಡ್ ಹೋದವರನ್ನ ನಾನು ವಾಪಸ್ ತಂದಿದ್ದೇ ಇಲ್ಲ. ನನ್ನ ಕೈಗುಣಾನೋ ನಿಮ್ಮದೋ!" ಎಂದ. ಸ್ಟ್ರೆಚರ್ ಮೇಲಿಂದ ಟೈಲರಮ್ಮ ಚೀಲ ಕಟ್ಟಿದ ಕೈಯನ್ನು ಸಿಸ್ಟರಿನ ಕೋಟಿನ ಅಂಚಿನತ್ತ ಚಾಚಿದಳು. ಚೀಲದೊಳಗಿನ ಬೆರಳಿಗೆ ಬಟ್ಟೆ ಸಿಗಲಿಲ್ಲ. ಲಿಫ್ಟಿನ ಬಾಗಿಲು ಮುಚ್ಚಿತು.

ಮಧ್ಯಾಹ್ನದ ಊಟದ ಹೊತ್ತಿಗೆ ಮಹಡಿಯಲ್ಲಿ ಒಂದು ಜೊತೆ ಕೈ ಕಡಿಮೆಯಿತ್ತು. ಕಚ್ಚಿಸಿಕೊಂಡ ಆಯಾ ಇಂಜೆಕ್ಷನ್ ಹಾಕಿಸಿಕೊಳ್ಳಲು ಹೋಗಿದ್ದಳು. ಅವಳಿಗೆ ಎಲ್ಲರೂ ಇಟ್ಟ ಹೆಸರು ಎಕ್ಸ್‌ಪ್ರೆಸ್. ಹದಿನಾಲ್ಕು ಜನರ ಮೈ ಒರೆಸಿ, ಬಟ್ಟೆ ಬದಲಿಸಿ, ಹಲ್ಲುಸೆಟ್ಟು ಹಾಕಿ ಎಂಟು ಗಂಟೆಗೆಲ್ಲ ಕುರ್ಚಿಯಲ್ಲಿ ಕೂರಿಸಿಬಿಡುತ್ತಿದ್ದಳು. ಅವಳಿಲ್ಲವೆಂದು ಸಿಸ್ಟರ್ ತಾನೇ ಬಟ್ಟಲು ಹಿಡಿದು ಟೈಲರಮ್ಮನ ಪಕ್ಕದ ಮಂಚದವಳಿಗೆ ತಿನ್ನಿಸಲು ಕೂತಳು.

ಆ ಮುದುಕಿ ಅಂಚೆ ಕಚೇರಿಯಲ್ಲಿದ್ದವಳು, ಆದ್ದರಿಂದ ಪೋಸ್ಟಮ್ಮ. ಪಾರ್ಶ್ವವಾಯುವಾದ ಮೇಲೆ ಮಾತಿಲ್ಲ. ಹೊಡೆಯುವವಳಲ್ಲ, ಕೂಗುವವಳಲ್ಲ. ಕೂರಿಸಿದ ಕಡೆ ಕೂರುವ, ಮಲಗಿಸಿದ ಕಡೆ ಮಲಗುವ, ಆ ಮಹಡಿಯ ‘ಒಳ್ಳೆಯ ಪೇಷಂಟು’. ಹತ್ತು ದಿನದಿಂದ ತಟ್ಟೆ ಮುಕ್ಕಾಲು ತುಂಬಿಯೇ ವಾಪಸು ಹೋಗುತ್ತಿತ್ತು. ‘ಊಟ ಕಡಿಮೆ. ತೊಂದರೆ ಇಲ್ಲ’ ಎಂದು ಸಿಸ್ಟರೇ ದಿನದಿನವೂ ಬರೆದಿದ್ದಳು.

ಎರಡನೇ ಚಮಚಕ್ಕೆ ಪೋಸ್ಟಮ್ಮನ ಮೇಲಿನ ಸೆಟ್ಟು ಜಾರಿ ಹಾಲಿನ ಬಟ್ಟಲಿಗೆ ಟಪ್ ಎಂದು ಬಿತ್ತು. ಸಿಸ್ಟರ್ ಬೆರಳಿಳಿಸಿ ಎತ್ತಿ, ನೀರಲ್ಲಿ ಅದ್ದಿ, ಮತ್ತೆ ಹಾಕಲು ಹೋದಳು. ಕೂರಲಿಲ್ಲ. ಚಿಕ್ಕ ಕಾಲಿಗೆ ದೊಡ್ಡ ಚಪ್ಪಲಿಯಂತೆ ಬಾಯಿತುಂಬ ಅಲ್ಲಾಡಿತು. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮುಂದಿನ ಹಲ್ಲಿನ ತುದಿಯಲ್ಲಿ ದಾರ ಹಿಡಿಯುವಷ್ಟು ಸಣ್ಣ ಕಚ್ಚು.

ಆ ಕಚ್ಚು ಯಾರದೆಂದು ಮಹಡಿಯ ಗೋಡೆಗೂ ಗೊತ್ತಿತ್ತು. ಹಲ್ಲು ಕಟ್ಟಿಸಿಕೊಂಡ ಮೇಲೂ ಇಪ್ಪತ್ತು ವರ್ಷ ದಾರವನ್ನು ಹಲ್ಲಿನಲ್ಲೇ ಕಡಿದವಳು ಒಬ್ಬಳೇ. "ಕತ್ತರಿ ಯಾಕೆ ದಂಡಕ್ಕೆ?" ಎಂದು ಬಾಯಿ ತೆರೆದು ತೋರಿಸುತ್ತಿದ್ದವಳು.

ಸಿಸ್ಟರಿನ ಕೈಯಿಂದ ಹಾಲು ತೊಟ್ಟಿಕ್ಕುತ್ತಿತ್ತು. ಟೈಲರಮ್ಮನ ಹಲ್ಲು ಇಲ್ಲಿದ್ದರೆ, ಆಸ್ಪತ್ರೆಗೆ ಹೋದ ಬಾಯಲ್ಲಿ ಇರುವುದು ಯಾರದ್ದು?

ಎಕ್ಸ್‌ಪ್ರೆಸ್ ಎರಡು ಗಂಟೆಗೆ ಬಂದಳು. ಸಿಸ್ಟರ್ ಅವಳನ್ನು ತೊಳೆಯುವ ಕೋಣೆಗೆ ಕರೆದೊಯ್ದು, "ಹಲ್ಲು ಎಲ್ಲಿ ತೊಳೀತೀಯ, ತೋರಿಸು" ಎಂದಳು.

ಎಕ್ಸ್‌ಪ್ರೆಸ್ ಸಿಂಕಿನ ಕೆಳಗಿನಿಂದ ನೀಲಿ ಪ್ಲಾಸ್ಟಿಕ್ ಟಬ್ಬೊಂದನ್ನು ಎಳೆದಳು. ಬೆಳಗಿನ ನೀರನ್ನು ಇನ್ನೂ ಚೆಲ್ಲಿರಲಿಲ್ಲ. ಬೂದು ಬಣ್ಣದ ನೀರು, ಅದರ ಮೇಲೆ ಕೊಬ್ಬಿನಂಥ ಪೊರೆ, ಊದಿಕೊಂಡ ಬ್ರೆಡ್ಡಿನ ಚೂರು, ಯಾರದೋ ಉದ್ದನೆಯ ಬಿಳಿಕೂದಲು. ತಳದಲ್ಲಿ ಯಾರೂ ಹಾಕಿಸಿಕೊಳ್ಳದೆ ಉಳಿದ ಒಂದು ಕೆಳಸೆಟ್ಟು ಬಾಯಿ ಬಿಟ್ಟುಕೊಂಡು ಕೂತಿತ್ತು. ಟಬ್ಬಿನ ಪಕ್ಕದಲ್ಲೇ ಮಲದ ತಟ್ಟೆಗಳನ್ನು ಬೋರಲು ಹಾಕಿದ್ದರು. ಹದಿನೆಂಟು ವರ್ಷದ ಕೆಲಸದಲ್ಲಿ ಸಿಸ್ಟರ್ ಏನೇನೋ ಎತ್ತಿದ್ದಳು, ಒರೆಸಿದ್ದಳು, ಮೂಗು ಮುಚ್ಚಿದವಳಲ್ಲ. ಈಗ ಮುಚ್ಚಿದಳು.

"ಎಲ್ಲರದ್ದೂ ಇದರಲ್ಲೇನಾ?"

"ಮತ್ತಿನ್ನೇನ್ ಮಾಡ್ಲಿ ಸಿಸ್ಟರಕ್ಕ? ಹೆಸರು ಅಂಟಿಸಿದ ಡಬ್ಬಿಗಳು ಇದ್ವಲ್ಲ, ತಪಾಸಣೆಯವರು ಬರ್ತಾರೆ, ಕಲೆ ಹಿಡಿದಿವೆ, ನೋಡೋಕೆ ಅಸಹ್ಯ ಅಂತ ಸಾಹೇಬ್ರು ಎಸೆಸಿದ್ರು. ನಾಳೆ ಹೊಸದು ಬರುತ್ತೆ ಅಂದ್ರು. ಆ ನಾಳೆ ಇನ್ನೂ ಹುಟ್ಟಿಲ್ಲ. ಹದಿನಾಲ್ಕು ಬಾಯಿ, ನನಗಿರೋದು ಎರಡು ಕೈ."

"ಯಾರದ್ದು ಯಾವುದು ಅಂತ ಹೇಗೆ ಗೊತ್ತು?"

"ಅಂದಾಜಿನ ಮೇಲೆ. ಕೂತ್ರೆ ಅವರದ್ದು."

"ಕೂರದಿದ್ರೆ?"

"ಸ್ವಲ್ಪ ಒತ್ತಿದ್ರೆ ಕೂರುತ್ತೆ."

"ಟೈಲರಮ್ಮನಿಗೆ ಒತ್ತಿದ್ಯಾ?"

ಎಕ್ಸ್‌ಪ್ರೆಸ್ ತನ್ನ ಮುಂಗೈಯ ಪಟ್ಟಿಯನ್ನು ನೋಡಿಕೊಂಡಳು. ನೋಡುತ್ತ ನೋಡುತ್ತ ಅವಳ ಬಾಯಿ ಅಳುವ ಮಕ್ಕಳ ಬಾಯಿಯಂತೆ ಸೊಟ್ಟಗಾಯಿತು. "ಹತ್ತು ದಿನ ಒತ್ತಿದೀನಿ ಸಿಸ್ಟರಕ್ಕ. ದಿನಾ ಬೆಳಿಗ್ಗೆ. ಬೇಡ ಬೇಡ ಅಂತ ಕೈ ತಳ್ಳೋರು. ಗಲ್ಲ ಹಿಡ್ಕೊಂಡು ಒತ್ತಿದೀನಿ."

ಅವಳನ್ನು ಬೈಯುವ ಹಕ್ಕು ಸಿಸ್ಟರಿಗಿರಲಿಲ್ಲ. ದಾಖಲೆ ಪುಸ್ತಕದಲ್ಲಿ ‘ಬಾಯಿ ಶುಚಿ ನೋಡಲಾಗಿದೆ’ ಎಂಬ ಸಾಲಿನ ಮುಂದೆ ದಿನವೂ ಸಹಿ ಹಾಕುತ್ತಿದ್ದವಳು ಅವಳೇ. ಹದಿನಾಲ್ಕು ಸಹಿ, ಒಂದೇ ಉಸಿರಿನಲ್ಲಿ, ಎದ್ದು ಹೋಗದೆ. ಆ ಮುದುಕಿ ಬಾಯೊಳಗೆ ಬೆರಳಿಟ್ಟು ಎಳೆದೆಳೆದು ತೋರಿಸಿದ್ದನ್ನು ನೋಡಿ, ಕೈಗೆ ಚೀಲ ಕಟ್ಟಿ ಎಂದವಳೂ ಅವಳೇ.

ಮ್ಯಾನೇಜರನ ಕೋಣೆಯಲ್ಲಿ ಹೂವಿನ ವಾಸನೆಯ ಸ್ಪ್ರೇ ಹೊಡೆದಿದ್ದರು. ಅವನು ಎಲ್ಲವನ್ನೂ ತಾಳ್ಮೆಯಿಂದ ಕೇಳಿದ. ಅವನ ತಾಳ್ಮೆ ನೋಡಿದರೇ ಭಯವಾಗುತ್ತಿತ್ತು.

"ಒಳ್ಳೇ ಕೆಲಸ ಮಾಡಿದ್ರಿ ಸಿಸ್ಟರ್. ಹಲ್ಲನ್ನ ಒಂದು ಕವರಿಗೆ ಹಾಕಿ ಆಸ್ಪತ್ರೆಗೆ ಕಳಿಸಿಬಿಡಿ."

"ಹಾಳೆ ವಾಪಸ್ ತಗೋಬೇಕು ಸಾರ್. ಅವರು ಆಕ್ರಮಣಕಾರಿ ಅಲ್ಲ, ಅವರಿಗೆ ಬಾಯಿ ನೋವು."

"ಕಚ್ಚಿದ್ದು ಸುಳ್ಳಾ?"

"ಅಲ್ಲ."

"ಉಗಿದಿದ್ದು?"

"ಅದೂ ಅಲ್ಲ."

"ಮತ್ತೆ? ಎಲ್ಲ ನಿಜಾನೇ ಬರೆದಿದ್ದೀರಿ. ನಮ್ಮ ಪ್ರತೀಲಿ ಅಕ್ಷರ ನೋಡಿ, ಮುತ್ತು ಪೋಣಿಸಿದ ಹಾಗಿದೆ." ಅವನು ಸ್ಯಾನಿಟೈಸರ್ ಬಾಟಲಿಗೆ ಕೈ ಚಾಚಿದ. "ನಾಡಿದ್ದು ಒಂದು ಕುಟುಂಬ ಮಂಚ ನೋಡೋಕೆ ಬರ್ತಿದೆ. ಬಹಳ ಶಾಂತ ಸ್ವಭಾವದ ತಾಯಿಯಂತೆ. ಅದಕ್ಕೇ ಹೇಳೋದು, ಹಲ್ಲು ಕಳಿಸಿ, ಮಾತು ಕಳಿಸ್ಬೇಡಿ. ಮಾತು ಹೊರಗೆ ಹೋದ್ರೆ ಮೊದಲು ಕೇಳೋದು, ದಿನಾ ಸಹಿ ಹಾಕಿದ್ದು ಯಾರು ಅಂತ. ನಾನಂತೂ ಅಲ್ಲ."

ಅಂಗೈ ಅಂಗೈಗೆ ತಾಗಿ ಪಿಸಪಿಸ ಸದ್ದಾಗುತ್ತಿತ್ತು. ಆ ಕೈಗಳನ್ನು ನೋಡಲಾಗದೆ ಅವಳು ತಲೆ ತಗ್ಗಿಸಿದಳು. ಮಡಿಲಲ್ಲಿ ತನ್ನ ಕೈಗಳೂ ಒಂದನ್ನೊಂದು ಉಜ್ಜಿಕೊಳ್ಳುತ್ತಿದ್ದವು.

ಮರುದಿನ ಬುಧವಾರ ಅವಳಿಗೆ ರಜೆ. ಪೋಸ್ಟಮ್ಮನ ಬಾಯಿಂದ ತೆಗೆದ ಎರಡೂ ಸೆಟ್ಟುಗಳನ್ನು ಕುದಿನೀರಿಗೆ ಸೊಟ್ಟಗಾಗುತ್ತವೆಂದು ಬೆಚ್ಚಗಿನ ನೀರಲ್ಲಿ ಎರಡು ಸಲ ತೊಳೆದು, ಮುಚ್ಚಳದ ಡಬ್ಬಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದಳು.

ತುರ್ತು ವಾರ್ಡಿನಲ್ಲಿ ಮಂಚ ಸಿಗದವರು ಹಜಾರದುದ್ದಕ್ಕೂ ಸ್ಟ್ರೆಚರುಗಳಲ್ಲಿ ಮಲಗಿದ್ದರು. ಶೌಚಾಲಯದ ಬಾಗಿಲ ಪಕ್ಕದ ಸ್ಟ್ರೆಚರಿನಲ್ಲಿ ಟೈಲರಮ್ಮ ಇದ್ದಳು. ಎರಡೂ ಮಣಿಕಟ್ಟುಗಳನ್ನು ಬ್ಯಾಂಡೇಜಿನಿಂದ ಕಂಬಿಗೆ ಕಟ್ಟಿದ್ದರು. ನಿದ್ದೆಯ ಇಂಜೆಕ್ಷನ್ ಕೊಟ್ಟಿದ್ದರಿಂದ ಕಣ್ಣು ಅರ್ಧ ತೆರೆದಿತ್ತು. ಬಾಗಿಲು ತೆರೆದಾಗಲೆಲ್ಲ ಒಳಗಿನ ನಾತ ಅವಳ ಮೇಲೇ ಹಾಯುತ್ತಿತ್ತು.

"ಬಾಯಿ ನೋಡಿದ್ರಾ?" ಎಂದು ಸಿಸ್ಟರ್ ಅಲ್ಲಿಯ ನರ್ಸನ್ನು ಕೇಳಿದಳು.

ನರ್ಸು ಕೈಯಲ್ಲಿದ್ದ ಟ್ರೇ ಇಳಿಸದೆಯೇ ಹೇಳಿದಳು: "ನೀವೇ ಬರೆದು ಕಳಿಸಿದ್ದೀರಲ್ಲಮ್ಮ, ಕಚ್ಚುತ್ತಾರೆ ಅಂತ. ಆ ಬಾಯಿಗೆ ಕೈ ಹಾಕೋರು ಯಾರು? ನಮಗೇನು ಬೆರಳು ಹೆಚ್ಚಾಗಿದ್ಯಾ?"

ಸಿಸ್ಟರ್ ಗ್ಲೌಸ್ ಹಾಕಿಕೊಂಡು, ಮುದುಕಿಯ ಕೆಳದುಟಿಯನ್ನು ಮೆಲ್ಲಗೆ ಇಳಿಸಿದಳು. ಮೊದಲು ಬಂದದ್ದು ವಾಸನೆ. ಸತ್ತ ಇಲಿ ಬಿದ್ದ ಗೂಡಿನ ವಾಸನೆ. ಪೋಸ್ಟಮ್ಮನ ಕಿರಿದಾದ ಸೆಟ್ಟು ಟೈಲರಮ್ಮನ ಅಗಲವಾದ ಒಸಡಿನೊಳಗೆ ಹೂತುಹೋಗಿತ್ತು. ಊದಿದ ಮಾಂಸ ಅದರ ಅಂಚನ್ನು ಮುಚ್ಚಿತ್ತು. ಅವಳು ಬೆರಳ ತುದಿಯಿಂದ ಸಡಿಲಿಸಿ ಎತ್ತಿದಾಗ ಹಳದಿ ಕೀವು ರಕ್ತದೊಡನೆ ಗಲ್ಲಕ್ಕಿಳಿಯಿತು. ಟೈಲರಮ್ಮ ಕಚ್ಚಲಿಲ್ಲ. ಗಂಟಲಾಳದಿಂದ ಒಂದು ಉದ್ದನೆಯ ಉಸಿರು ಬಿಟ್ಟಳು, ಅಷ್ಟೇ. ನರ್ಸು ಟ್ರೇ ಇಳಿಸಿ, ಹತ್ತಿ ತಂದುಕೊಟ್ಟಳು.

ಅಳಿಯ ಬಂದದ್ದು ಆಗಲೇ. ವ್ಯಾನನ್ನು ಎಲ್ಲೋ ನಿಲ್ಲಿಸಿ ಓಡಿ ಬಂದಿದ್ದ. ಅಂಗಿಯ ಮೇಲೆ ಹಿಟ್ಟಿನ ಪುಡಿ. ಸಿಸ್ಟರನ್ನು ಕಂಡ ಕೂಡಲೇ ಅವನ ಮುಖ ಅರಳಿತು.

"ರಜೆ ದಿನಾನೂ ಬಂದಿದ್ದೀರಾ ಸಿಸ್ಟರ್! ಮ್ಯಾನೇಜರ್ ಸಾಹೇಬ್ರು ಫೋನ್ ಮಾಡಿ, ಎರಡು ದಿನ ಚೆಕಪ್ಪು, ಗಾಬರಿ ಬೇಡ ಅಂದ್ರು. ನೀವಿದ್ದೀರಲ್ಲ ಅಂತ ನಂಗೂ ಧೈರ್ಯ." ಆಮೇಲೆ ಅವನ ಕಣ್ಣು ಹತ್ತಿಯ ಮೇಲೆ ಬಿತ್ತು, ಕಟ್ಟಿದ ಕೈಗಳ ಮೇಲೆ ಬಿತ್ತು. "ಇದೇನಿದು? ಅತ್ತೆ ಕೈ ಯಾಕೆ ಕಟ್ಟಿದ್ದಾರೆ?"

ಸಿಸ್ಟರ್ ಹೇಳಿದ್ದು ನಾಲ್ಕೇ ಮಾತು. ಟಬ್ಬಿನದು, ಹಲ್ಲಿನದು, ಹಾಳೆಯದು, ಶುಕ್ರವಾರದ್ದು. ಮುಚ್ಚಿಡಲಿಲ್ಲ. ಮೆತ್ತಗೂ ಮಾಡಲಿಲ್ಲ.

"ಹತ್ತು ದಿನಾನಾ?" ಎಂದ ಅವನು.

"ಹೌದು."

"ಭಾನುವಾರ ನಾನು ತಿನ್ನಿ ತಿನ್ನಿ ಅಂತ ಬ್ರೆಡ್ಡು ತುರುಕಿದ್ನಲ್ಲ." "ನೀವು ದಿನಾ ನೋಡ್ತಿರ್ಲಿಲ್ವಾ?"

"ಸಹಿ ಹಾಕ್ತಿದ್ದೆ. ನೋಡ್ತಿರ್ಲಿಲ್ಲ."

"ಥೂ" ಎಂದ ಅವನು. ಜೋರಾಗಿ ಅಲ್ಲ, ಬಾಯಿಗೆ ಬಂದ ಹುಳವನ್ನು ಉಗಿದಂತೆ. ಸ್ಟ್ರೆಚರಿನ ಆ ಬದಿಗೆ ಹೋಗಿ, ಅವಳಿಗೆ ಬೆನ್ನು ಹಾಕಿ, ಅತ್ತೆಯ ಮಣಿಕಟ್ಟಿನ ಗಂಟು ಬಿಚ್ಚತೊಡಗಿದ.

ಪಾಳಿಯ ಡಾಕ್ಟರು ಹೆಂಗಸು, ಚಿಕ್ಕ ವಯಸ್ಸು, ನಿದ್ದೆಗೆಟ್ಟ ಕಣ್ಣು. ಟಾರ್ಚು ಹಿಡಿದು ಬಾಯಿ ನೋಡಿ, ಮುಖ ಹಿಂಡಿದಳು. ಕೀವಿಗೆ ಔಷಧಿ ಬರೆದಳು. ಆದರೆ ಬಿಡುಗಡೆಯ ಮಾತು ಬಂದಾಗ ತಲೆಯಾಡಿಸಿದಳು.

"ಹಾಳೆಯಲ್ಲಿ ಆ ಪದ ಇರೋ ತನಕ ನಾನು ಬಿಡೋ ಹಾಗಿಲ್ಲ. ಶುಕ್ರವಾರ ಮನೋವೈದ್ಯರೇ ನೋಡ್ಬೇಕು. ಬರೆದವರೇ ತಪ್ಪಾಯ್ತು ಅಂತ, ಕಾರಣ ಸಮೇತ ಬರೆದುಕೊಟ್ರೆ ಮಾತ್ರ ನಾಳೆ ಬೆಳಿಗ್ಗೆ ಕಳಿಸಬಹುದು." ಸ್ವಲ್ಪ ತಡೆದು ಸೇರಿಸಿದಳು: "ಬರೆದ್ರೆ ನಿಮ್ಮ ನರ್ಸಿಂಗ್ ನೋಂದಣಿ ಸಂಖ್ಯೆನೂ ಹಾಕ್ಬೇಕು. ಅದು ಎಲ್ಲಿಯವರೆಗೆ ಹೋಗುತ್ತೋ ನಾನು ಹೇಳಲಾರೆ. ಯೋಚನೆ ಮಾಡಿ."

"ಕಳಿಸೋದು ಅಲ್ಲಿಗೇ ತಾನೇ?" ಎಂದ ಅಳಿಯ, ಬೆನ್ನು ತಿರುಗಿಸದೆ. "ಆ ಹೇಸಿಗೆಗೆ ನಾನು ಕಳಿಸಲ್ಲ."

ಡಾಕ್ಟರು ಸಿಸ್ಟರಿನ ಮುಖ ನೋಡಿದಳು.

"ಮತ್ತೆಲ್ಲಿಗೆ ಅಂತ ಯಾರೂ ಕೇಳ್ಬೇಡಿ" ಎಂದ ಅವನು ತಾನಾಗಿಯೇ. "ನಾನಿರೋದು ಮೂರನೇ ಮಹಡಿ, ಒಂದು ಕೋಣೆ. ಹಗಲೆಲ್ಲ ಬಾಗಿಲಿಗೆ ಬೀಗ. ಅದಕ್ಕೂ ಆ ಬೀಗದ ವಾರ್ಡಿಗೂ ಏನ್ ವ್ಯತ್ಯಾಸ." ಬಿಚ್ಚಿದ ಬ್ಯಾಂಡೇಜನ್ನು ಉಂಡೆ ಮಾಡಿ ನೆಲಕ್ಕೆಸೆದ. "ಬರೀರಿ. ಬರೆದಿದ್ದರ ಒಂದು ಪ್ರತಿ ನನ್ನ ಕೈಗೂ ಬೇಕು."

ಸಿಸ್ಟರ್ ಗೋಡೆಗೆ ಹಾಳೆಯಿಟ್ಟು, ನಿಂತೇ ಬರೆದಳು. ಅಕ್ಷರ ಮುತ್ತಿನಂತೆ ಬರಲಿಲ್ಲ. ‘ಮಂಗಳವಾರ ನಾನು ಬರೆದ ಕಾರಣ ತಪ್ಪು. ಇವರ ಬಾಯಿಗೆ ಹತ್ತು ದಿನ ಬೇರೆಯವರ ಹಲ್ಲುಸೆಟ್ಟನ್ನು ಬಲವಂತವಾಗಿ ಹಾಕಲಾಗಿದೆ. ಹೆಸರಿನ ಡಬ್ಬಿಗಳನ್ನು ಎಸೆದು ಎಲ್ಲರ ಹಲ್ಲುಗಳನ್ನು ಒಂದೇ ಟಬ್ಬಿನಲ್ಲಿ ತೊಳೆಯಲಾಗುತ್ತಿತ್ತು. ಬಾಯಿ ನೋಡದೆ ನೋಡಿದೆನೆಂದು ನಾನು ಸಹಿ ಮಾಡಿದ್ದೇನೆ. ಇವರು ಆಕ್ರಮಣಕಾರಿ ಅಲ್ಲ.’ ಸಂಖ್ಯೆ ಬರೆದಳು. ಸಹಿ ಹಾಕಿದಳು.

ಗುರುವಾರ ಹನ್ನೊಂದಕ್ಕೆ ಆಂಬುಲೆನ್ಸ್ ಆರೈಕೆ ಮನೆಯ ಮುಂಬಾಗಿಲಿಗೆ ಬಂದು ನಿಂತಿತು. ಅದೇ ಡ್ರೈವರು, ಹಿಂದೆ ಟೈಲರಮ್ಮನ ಜೊತೆ ಅಳಿಯ. ಹಿಂಬಾಗಿಲು ತೆರೆದು, "ಅಂತೂ ಕೈಗುಣ ಬದಲಾಯ್ತಪ್ಪ" ಎಂದು ತನಗೆ ತಾನೇ ಹೇಳಿಕೊಂಡ. ಸಿಸ್ಟರ್ ಮೇಲಿನಿಂದ ಇಳಿದು ಬರುವಷ್ಟರಲ್ಲಿ ಮ್ಯಾನೇಜರ್ ಬಾಗಿಲಿಗೆ ಅಡ್ಡ ನಿಂತಾಗಿತ್ತು. ಅವನ ಹಿಂದೆ, ಮಂಚ ನೋಡಲು ಬಂದ ಗಂಡಹೆಂಡತಿ ಸೋಫಾದ ತುದಿಯಲ್ಲಿ ಕೂತಿದ್ದರು.

"ಮಂಚ ಖಾಲಿ ಇಲ್ಲಪ್ಪ" ಎಂದ ಮ್ಯಾನೇಜರ್ ಬೆಣ್ಣೆಯಂಥ ದನಿಯಲ್ಲಿ. "ಆಸ್ಪತ್ರೆಯವರು ನಮಗೆ ತಿಳಿಸಬೇಕಿತ್ತು."

"ಮೂರು ದಿನ ಮುಗಿಯೋದು ನಾಳೆ ಹನ್ನೆರಡಕ್ಕೆ. ಇವತ್ತು ಗುರುವಾರ." ಅಳಿಯ ಜೇಬಿನಿಂದ ಮಡಿಸಿದ ಹಾಳೆ ತೆಗೆದ. "ಇದರಲ್ಲಿ ಎಲ್ಲ ಇದೆ. ಓದ್ಲಾ? ಜೋರಾಗೇ ಓದ್ತೀನಿ. ಇವರೂ ಅಮ್ಮನ್ನ ಸೇರಿಸೋಕೆ ಬಂದಿರೋ ಹಾಗಿದೆ, ಕೇಳಿಸ್ಕೊಳ್ಳಲಿ. ಅಮ್ಮನಿಗೆ ಹಲ್ಲು ಅವರದ್ದೇನಾ, ಕಟ್ಟಿಸಿದ್ದಾ ಮೇಡಂ?"

ಸೋಫಾದಲ್ಲಿದ್ದ ಹೆಂಗಸು ಗಂಡನ ಮುಖ ನೋಡಿದಳು. "ಕಟ್ಟಿಸಿದ್ದು. ಯಾಕೆ?"

ಮ್ಯಾನೇಜರ್ ಬಾಗಿಲಿನಿಂದ ಪಕ್ಕಕ್ಕೆ ಸರಿದ. "ಒಳಗೆ ಕರ್ಕೊಂಡ್ ಹೋಗಿ" ಎಂದ ನಗುನಗುತ್ತ, "ಅವರು ನಮ್ಮ ಮನೆಯವರೇ ಅಲ್ವಾ." ಸಿಸ್ಟರ್ ಹಾದುಹೋಗುವಾಗ ತುಟಿ ಅಲುಗಿಸದೆ ಸೇರಿಸಿದ: "ನಾಳೆ ಹತ್ತು ಗಂಟೆಗೆ ನನ್ನ ಕೋಣೆಗೆ ಬನ್ನಿ. ನಿಮ್ಮ ಜಾಗಕ್ಕೂ ಜನ ನೋಡ್ಬೇಕಾಗುತ್ತೆ."

ಅವಳು ಸ್ಟ್ರೆಚರಿನ ಹಿಂದೆಯೇ ನಡೆದಳು. ಭಯವಾಯಿತು, ನಿಜ. ಆದರೆ ಅವನ ಮೈಯಿಂದ ಬಂದ ಸ್ಯಾನಿಟೈಸರಿನ ವಾಸನೆ ಹುಟ್ಟಿಸಿದ ಹೇಸಿಗೆ ಆ ಭಯಕ್ಕಿಂತ ದೊಡ್ಡದಾಗಿತ್ತು.

ಮೇಲೆ ಟೈಲರಮ್ಮನನ್ನು ಅವಳ ಮಂಚದ ಮೇಲೇ ಒರಗಿಸಿ ಕೂರಿಸಿದರು. ಒಸಡು ಮಾಯುವ ತನಕ ಯಾವ ಹಲ್ಲೂ ಬೇಡ ಎಂದಿದ್ದರು ಡಾಕ್ಟರು. ಬಾಯಿ ಗುಳಿಬಿದ್ದು ಮುಖ ಅರ್ಧಕ್ಕಿಳಿದಿತ್ತು. ಪಕ್ಕದ ಮಂಚದಲ್ಲಿ ಪೋಸ್ಟಮ್ಮ ಆಸ್ಪತ್ರೆಯಿಂದ ವಾಪಸು ಬಂದ ತನ್ನದೇ ಹಲ್ಲುಸೆಟ್ಟಿನಿಂದ ಏನನ್ನೋ ಬಲು ನಿಧಾನವಾಗಿ ಅಗಿಯುತ್ತಿದ್ದಳು. ಎಕ್ಸ್‌ಪ್ರೆಸ್ ಹಾಲಿನಲ್ಲಿ ನೆನೆಸಿದ ಬ್ರೆಡ್ಡು ತಂದಿಟ್ಟು, ಟೈಲರಮ್ಮನ ಕಣ್ಣಿಗೆ ಬೀಳದಂತೆ ಗೋಡೆಯ ಬದಿಗೆ ಸರಿದು ನಿಂತಳು.

ಅಳಿಯ ಚಮಚ ತೆಗೆದುಕೊಂಡ. "ಬಾಯಿ ತೆಗೀರಿ ಅತ್ತೆ. ನಾನು, ನಿಮ್ಮ ಮಗಳ ಗಂಡ."

ಚಮಚ ತುಟಿಗೆ ತಾಗಿದ್ದೇ ತಡ, ಟೈಲರಮ್ಮ ಕೈ ಬೀಸಿದಳು. ಬಟ್ಟಲು ಹಾರಿತು. ಹಾಲು ಅವನ ಮುಖಕ್ಕೆ, ಎದೆಗೆ, ಮಂಚಕ್ಕೆ, ಸಿಸ್ಟರಿನ ಬಿಳಿ ಕೋಟಿಗೆ ಚೆಲ್ಲಿತು. ಎಕ್ಸ್‌ಪ್ರೆಸ್ ಎರಡು ಹೆಜ್ಜೆ ಹಿಂದೆ ಹಾರಿದಳು.

ಅಳಿಯ ಮುಖ ಒರೆಸಿಕೊಳ್ಳಲಿಲ್ಲ. ಎರಡು ದಿನದಲ್ಲಿ ಮೊದಲ ಸಲ ಸಿಸ್ಟರಿನ ಕಣ್ಣಿಗೆ ಕಣ್ಣಿಟ್ಟು ನೋಡಿದ. "ಬರ್ಕೊಳ್ಳಿ" ಎಂದ. "ಬಟ್ಟಲು ಎಸೆದ್ರು, ಅಳಿಯನ್ನ ಹೊಡೆದ್ರು. ಬರ್ಕೊಳ್ಳಿ ಸಿಸ್ಟರ್, ಪುಸ್ತಕ ತನ್ನಿ."

ಅವಳು ಹೋಗಿ ದಾಖಲೆ ಪುಸ್ತಕ ತಂದಳು. ಅವನ ಮುಂದೆಯೇ ಮಂಚದ ತುದಿಯಲ್ಲಿ ಕೂತಳು. ಬರೆಯುವ ಮೊದಲು ಮಂಚದ ಮೇಲೆ ಚೆಲ್ಲಿದ ಹಾಲನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಗ್ಲೌಸ್ ಹಾಕಿ, "ನೋಡ್ತೀನಮ್ಮ, ಒಂದೇ ನಿಮಿಷ" ಎಂದು, ಟೈಲರಮ್ಮ ತಾನಾಗಿ ಬಾಯಿ ಬಿಡುವ ತನಕ ಕಾದು, ಒಳಗೆ ನೋಡಿದಳು. ಆಮೇಲೆ ಬರೆದು ಪುಸ್ತಕವನ್ನು ಅವನತ್ತ ತಿರುಗಿಸಿದಳು.

‘ಹಾಲು ಬಿಸಿ ಹೆಚ್ಚಾಗಿತ್ತು. ಎಡ ಒಸಡಿನ ಹುಣ್ಣು ಇನ್ನೂ ತೆರೆದಿದೆ. ನೋವಿನಿಂದ ಬಟ್ಟಲು ತಳ್ಳಿದರು.’

ಅವನು ಒಂದು ಸಲ ಓದಿದ. ನಂಬದವನ ಹಾಗೆ ಇನ್ನೊಂದು ಸಲ, ಅಕ್ಷರಕ್ಕೆ ಬೆರಳಿಟ್ಟು ಓದಿದ. ಪುಸ್ತಕ ವಾಪಸು ಕೊಡುವಾಗ ಅವಳ ಮುಖ ನೋಡಲಿಲ್ಲ. ಎಕ್ಸ್‌ಪ್ರೆಸ್ ತಂದ ಇನ್ನೊಂದು ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು, ತಲೆ ತಗ್ಗಿಸಿ, ಹಾಲನ್ನು ಊದತೊಡಗಿದ.